ಬೆಳಕು ಬೀರಿದ ಪ್ಲಾಸ್ಟಿಕ್: ಸರ್ ರಿಚರ್ಡ್ ಫ್ರೆಂಡ್ ಅವರ ಸಂಶೋಧನೆ ಮತ್ತು ಅದರ ಜಮಾ-ಖರ್ಚು

2004ರ ಡಿಸೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಒಂದು ಕಂಪನಿ ಅಮೆರಿಕದ ನ್ಯಾಸ್‌ಡ್ಯಾಕ್ ಷೇರು ವಿನಿಮಯ ಕೇಂದ್ರವನ್ನು ಪ್ರವೇಶಿಸಿ, ತಲಾ 12 ಡಾಲರಿನಂತೆ ಸಾರ್ವಜನಿಕರಿಗೆ ಷೇರುಗಳನ್ನು ನೀಡಿತು. 2007ರಲ್ಲಿ ಜಪಾನಿನ ಸುಮಿಟೋಮೊ ಕೆಮಿಕಲ್ ಸಂಸ್ಥೆಯು ಆ ಕಂಪನಿಯನ್ನು ಇಡಿಯಾಗಿ ಕೊಂಡುಕೊಂಡಾಗ ಷೇರೊಂದಕ್ಕೆ ತೆತ್ತ ಬೆಲೆಯೂ 12 ಡಾಲರೇ. ಒಟ್ಟು ವ್ಯವಹಾರ ಸುಮಾರು 28.5 ಕೋಟಿ ಡಾಲರುಗಳದು. ಮೊದಲ ದಿನ ಷೇರು ಕೊಂಡು ಕೊನೆಯವರೆಗೂ ಇಟ್ಟುಕೊಂಡಿದ್ದ ಹೂಡಿಕೆದಾರನಿಗೆ ದೊರೆತ ಲಾಭ ಸೊನ್ನೆ. ನಡುವೆ ಆ ಷೇರಿನ ಬೆಲೆ ಅರ್ಧದಷ್ಟಕ್ಕೆ ಕುಸಿದಿದ್ದುದರಿಂದ ಅಸಲು ಹಿಂದಿರುಗಿದ್ದೇ ದೊಡ್ಡದೆಂದು ಅನೇಕರು ಸಮಾಧಾನಪಟ್ಟಿರಬೇಕು.

ಆ ಕಂಪನಿಯ ಹೆಸರು ಕೇಂಬ್ರಿಜ್ ಡಿಸ್‌ಪ್ಲೇ ಟೆಕ್ನಾಲಜಿ. ಅದರ ಮೂಲ ಬಂಡವಾಳ ಒಂದು ಪೇಟೆಂಟು. ಆ ಪೇಟೆಂಟಿನ ಹಿಂದಿದ್ದವರಲ್ಲಿ ಪ್ರಮುಖರು ಭೌತವಿಜ್ಞಾನಿ ಸರ್ ರಿಚರ್ಡ್ ಫ್ರೆಂಡ್. ವಿದ್ಯುತ್ ಹರಿಸಿದಾಗ ಬೆಳಕು ಬೀರುವ ಪ್ಲಾಸ್ಟಿಕ್ಕನ್ನು ಅವರೂ ಅವರ ಸಂಗಡಿಗರೂ 1989ರಲ್ಲಿ ಕಂಡುಕೊಂಡರು. ಇಂದು ನಮ್ಮ ಸದಸ್ಯರಲ್ಲಿ ಬಹುತೇಕರ ಜೇಬಿನಲ್ಲಿರುವ ಮೊಬೈಲ್ ದೂರವಾಣಿಯ ಪರದೆ ಬೆಳಗುವುದು ಸಾವಯವ ಅರೆವಾಹಕಗಳಿಂದ. ಹಾಗಿದ್ದರೂ ಆ ಪರದೆಯಲ್ಲಿರುವುದು ಫ್ರೆಂಡ್ ಅವರ ಪ್ಲಾಸ್ಟಿಕ್ ಅಲ್ಲ. ವಿಜ್ಞಾನದಲ್ಲಿ ಸಂಪೂರ್ಣ ಗೆದ್ದ ಒಂದು ಶೋಧನೆ ಮಾರುಕಟ್ಟೆಯಲ್ಲಿ ಏಕೆ ಅಷ್ಟಾಗಿ ಗೆಲ್ಲಲಿಲ್ಲ, ಗೆಲ್ಲಲಿಲ್ಲವೆಂದರೆ ಆ ಹಣವೆಲ್ಲ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ನನ್ನಂತಹ ಲೆಕ್ಕಪರಿಶೋಧಕನನ್ನು ಬಹಳ ಕಾಲದಿಂದ ಕಾಡಿದೆ. ವಿಜ್ಞಾನದ ವಿದ್ಯಾರ್ಥಿಯಲ್ಲದ ವಾಣಿಜ್ಯ ಪದವೀಧರನೊಬ್ಬ ಇದನ್ನು ಬರೆಯುತ್ತಿದ್ದಾನೆಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು

ಪ್ಲಾಸ್ಟಿಕ್ ಎಂದೊಡನೆ ನಮಗೆ ನೆನಪಾಗುವುದು ವಿದ್ಯುತ್ ತಂತಿಯ ಮೇಲಿನ ಹೊದಿಕೆ. ವಿದ್ಯುತ್ತನ್ನು ತಡೆಯುವುದೇ ಅದರ ಕೆಲಸ. ಈ ನಂಬಿಕೆಯನ್ನು ಅಲುಗಾಡಿಸಿದವರು ಜಪಾನಿನ ಹಿದೆಕಿ ಶಿರಕಾವಾ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡಯರ್ಮಿಡ್ ಮತ್ತು ಅಲನ್ ಹೀಗರ್. 1967ರಲ್ಲಿ ಶಿರಕಾವಾ ಅವರ ಪ್ರಯೋಗಾಲಯದಲ್ಲಿ ವೇಗವರ್ಧಕವನ್ನು ಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಬೆರೆಸಿದ ಪರಿಣಾಮವಾಗಿ ಪಾಲಿಅಸಿಟಿಲೀನ್ ಎಂಬ ವಸ್ತುವು ಕಪ್ಪು ಪುಡಿಯಾಗುವ ಬದಲು ಬೆಳ್ಳಿಯಂತೆ ಹೊಳೆಯುವ ಹಾಳೆಯಾಗಿ ದೊರೆಯಿತು. ಮುಂದೆ ಈ ಮೂವರೂ ಕೂಡಿ ಅದಕ್ಕೆ ಅಯೋಡಿನ್ ಸೋಕಿಸಿದಾಗ ಅದರ ವಿದ್ಯುತ್ ವಾಹಕತೆ ಕೋಟಿಗಟ್ಟಲೆ ಪಟ್ಟು ಏರಿತು. ಇದು ಪ್ರಕಟವಾದದ್ದು 1977ರಲ್ಲಿ. ಇದಕ್ಕಾಗಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದದ್ದು 2000ದಲ್ಲಿ.

ಇದರ ಒಳಗುಟ್ಟು ಇಷ್ಟು: ಇಂಗಾಲದ ಪರಮಾಣುಗಳು ಸರಪಳಿಯಂತೆ ಜೋಡಣೆಗೊಂಡಿರುವಾಗ ಅವುಗಳ ನಡುವೆ ಒಂದು ಬಿಟ್ಟೊಂದರಂತೆ ಏಕಬಂಧ, ದ್ವಿಬಂಧಗಳಿದ್ದರೆ, ಕೆಲವು ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಸರಪಳಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಆಗ ಆ ವಸ್ತುವು ಸಿಲಿಕಾನಿನಂತೆ ಅರೆವಾಹಕವಾಗಿ ವರ್ತಿಸುತ್ತದೆ. ಸಿಲಿಕಾನಿಗೆ ಇಲ್ಲದ ಒಂದು ಅನುಕೂಲ ಇದಕ್ಕುಂಟು. ಸಿಲಿಕಾನನ್ನು ಶುದ್ಧಗೊಳಿಸಿ, ಕರಗಿಸಿ, ಹರಳಾಗಿಸಿ, ಬಿಲ್ಲೆಗಳಾಗಿ ಕೊಯ್ಯಲು ಬಹು ದೊಡ್ಡ ಕಾರ್ಖಾನೆ ಬೇಕು. ಈ ಪಾಲಿಮರುಗಳನ್ನಾದರೋ ದ್ರಾವಣವಾಗಿಸಿ ಬಣ್ಣ ಬಳಿದಂತೆ ಬಳಿಯಬಹುದು, ಶಾಯಿಯಂತೆ ಮುದ್ರಿಸಬಹುದು. ಮುಂದಿನ ಮೂವತ್ತು ವರ್ಷಗಳ ಹೂಡಿಕೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿತು.

1953ರಲ್ಲಿ ಲಂಡನ್ನಿನಲ್ಲಿ ಜನಿಸಿದ ಫ್ರೆಂಡ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ, ಅಲ್ಲಿನ ಸುಪ್ರಸಿದ್ಧ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಸಂಶೋಧನೆಗೆ ತೊಡಗಿದರು. ಮ್ಯಾಕ್ಸ್‌ವೆಲ್, ಜೆ. ಜೆ. ಥಾಮ್ಸನ್, ರುದರ್‌ಫರ್ಡ್ ಮುಂತಾದವರು ಮುಖ್ಯಸ್ಥರಾಗಿದ್ದ ಸ್ಥಳವದು. ಡಾಕ್ಟರೇಟಿಗಾಗಿ ಅವರು ಅಧ್ಯಯನ ಮಾಡಿದ್ದು ಪದರಪದರವಾಗಿರುವ ಹರಳುಗಳನ್ನು. 1977-78ರಲ್ಲಿ ಫ್ರಾನ್ಸಿನ ಓರ್ಸೆಯಲ್ಲಿ ಕೆಲಸ ಮಾಡಿದಾಗ ಸಾವಯವ ವಾಹಕಗಳ ಪರಿಚಯವಾಯಿತು. ಕೇಂಬ್ರಿಜ್‌ಗೆ ಮರಳಿದ ಮೇಲೆ ಅವರು ಹಿಡಿದ ದಾರಿ ಆಗಿನ ಕಾಲಕ್ಕೆ ತುಸು ಬೇರೆಯೇ. ಪಾಲಿಮರನ್ನು ತಾಮ್ರದಂತೆ ವಿದ್ಯುತ್ ಹರಿಸುವ ಲೋಹವಾಗಿ ಮಾಡುವುದು ಹೇಗೆಂದು ಅನೇಕರು ಯೋಚಿಸುತ್ತಿದ್ದಾಗ, ಇವರು ಅದನ್ನು ಶುದ್ಧ ಅರೆವಾಹಕವಾಗಿಯೇ ಇರಿಸಿಕೊಂಡು ಡಯೋಡು, ಟ್ರಾನ್ಸಿಸ್ಟರುಗಳನ್ನು ಮಾಡಿದರೆ ಏನಾಗುತ್ತದೆಂದು ಕೇಳಿದರು. ಡರ್ಹಮ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ರೂಪಿಸಿದ್ದ ವಿಧಾನದಿಂದ ಪಡೆದ ಪಾಲಿಅಸಿಟಿಲೀನಿನಿಂದ ಅವರ ಶಿಷ್ಯ ಜೆರೆಮಿ ಬರೋಸ್ ತಯಾರಿಸಿದ ಟ್ರಾನ್ಸಿಸ್ಟರಿನ ವಿವರ 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮರುವರ್ಷ ಇನ್ನೊಂದು ಪಾಲಿಮರಿನ ಸರದಿ. ಪಾಲಿ-ಫಿನಿಲೀನ್ ವಿನಿಲೀನ್ ಎಂಬ, ಸಂಕ್ಷೇಪವಾಗಿ ಪಿಪಿವಿ ಎಂದು ಕರೆಯಲಾಗುವ ಈ ವಸ್ತುವನ್ನು ಆ ತಂಡದ ಡೊನಾಲ್ ಬ್ರಾಡ್ಲಿ ಅಭ್ಯಸಿಸುತ್ತಿದ್ದರು. ಅದನ್ನು ತಯಾರಿಸುವ ರಾಸಾಯನಿಕ ಪರಿಣತಿಯನ್ನು ಕೇಂಬ್ರಿಜ್‌ನವರೇ ಆದ ಆಂಡ್ರ್ಯೂ ಹೋಮ್ಸ್ ಒದಗಿಸಿದರು. ಎರಡು ವಿದ್ಯುದ್ವಾರಗಳ ನಡುವೆ ಈ ಪಾಲಿಮರಿನ ಅತಿ ತೆಳುವಾದ ಪದರವನ್ನಿರಿಸಿ ವಿದ್ಯುತ್ ಹರಿಸಿದಾಗ ಅದು ಹಳದಿ ಮಿಶ್ರಿತ ಹಸಿರು ಬಣ್ಣದ ಬೆಳಕನ್ನು ಬೀರಿತು. ಒಂದು ಕಡೆಯಿಂದ ಎಲೆಕ್ಟ್ರಾನು, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿನ ಖಾಲಿ ಜಾಗವಾದ ‘ರಂಧ್ರ’ ಒಳಬಂದು ಪಾಲಿಮರಿನಲ್ಲಿ ಸಂಧಿಸಿದಾಗ ಹುಟ್ಟಿದ ಬೆಳಕದು. ಹರಿಸಿದ ವಿದ್ಯುತ್ತಿನ ಲೆಕ್ಕದಲ್ಲಿ ಹೊರಬಂದ ಬೆಳಕು ಶೇಕಡಾ ಒಂದಕ್ಕಿಂತಲೂ ಬಹಳ ಕಡಿಮೆ. ಆದರೂ ಅದರ ಅರ್ಥವನ್ನು ಗ್ರಹಿಸಲು ಅವರಿಗೆ ತಡವಾಗಲಿಲ್ಲ.

ಮೊದಲು ಪೇಟೆಂಟು, ಆಮೇಲೆ ಪ್ರಬಂಧ

ಇಲ್ಲಿ ನಾನು ತುಸು ನಿಲ್ಲಬಯಸುತ್ತೇನೆ, ಏಕೆಂದರೆ ಉದ್ಯಮಿಗಳಿಗೆ ಇಡೀ ಕಥೆಯಲ್ಲಿ ಅತಿ ಉಪಯುಕ್ತವಾದ ಭಾಗ ಇದೆಂದು ನನ್ನ ಅಭಿಪ್ರಾಯ. ಪೇಟೆಂಟಿನ ಅರ್ಜಿ ಬ್ರಿಟನ್ನಿನಲ್ಲಿ ದಾಖಲಾದದ್ದು 1989ರ ಏಪ್ರಿಲ್ ತಿಂಗಳಲ್ಲಿ. ಶೋಧನೆಯ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದದ್ದು 1990ರ ಅಕ್ಟೋಬರ್ ತಿಂಗಳಲ್ಲಿ. ನಡುವಣ ಅವಧಿ ಒಂದೂವರೆ ವರ್ಷ. ಮೊದಲು ಪ್ರಕಟಿಸಬೇಕೆಂಬ ತವಕ ವಿಜ್ಞಾನಿಗಳಿಗೆ ಎಷ್ಟಿರುತ್ತದೆಂಬುದು ಬಲ್ಲವರಿಗೆ ಗೊತ್ತು. ಆದರೆ ಯುರೋಪಿನ ಕಾನೂನಿನ ಪ್ರಕಾರ ಅರ್ಜಿಗೆ ಮುನ್ನ ಶೋಧನೆ ಬಹಿರಂಗವಾದರೆ ಅದರ ಹೊಸತನವೇ ನಷ್ಟವಾಗಿ ಪೇಟೆಂಟ್ ದೊರೆಯುವುದಿಲ್ಲ. ನಮ್ಮ ದೇಶದ ಪೇಟೆಂಟ್ ಕಾಯಿದೆಯೂ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇದೇ ನಿಲುವಿನದು. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಹೊಸ ಯಂತ್ರವನ್ನು ಮೊದಲು ವಸ್ತುಪ್ರದರ್ಶನದಲ್ಲಿಟ್ಟು, ನಾಲ್ಕು ಜನ ಮೆಚ್ಚಿದ ಮೇಲೆ ವಕೀಲರ ಬಳಿಗೆ ಹೋಗುವ ಪದ್ಧತಿ ಇಂದಿಗೂ ಇದೆ. ಮೆಚ್ಚಿದ ನಾಲ್ವರಲ್ಲಿ ಒಬ್ಬ ಪ್ರತಿಸ್ಪರ್ಧಿ ಇರುತ್ತಾನೆಂಬುದನ್ನು ಮಾತ್ರ ಮರೆತಿರುತ್ತೇವೆ.

ಪೇಟೆಂಟಿನ ಬಲದ ಮೇಲೆ 1992ರಲ್ಲಿ ಕೇಂಬ್ರಿಜ್ ಡಿಸ್‌ಪ್ಲೇ ಟೆಕ್ನಾಲಜಿ ಸ್ಥಾಪನೆಯಾಯಿತು. ಆರಂಭದ ಹೂಡಿಕೆದಾರರಲ್ಲಿ ವಿಶ್ವವಿದ್ಯಾಲಯದ ಜೊತೆಗೆ ‘ಜೆನೆಸಿಸ್’ ಎಂಬ ರಾಕ್ ಸಂಗೀತ ತಂಡದವರೂ ಇದ್ದರೆಂಬುದು ಸ್ವಾರಸ್ಯಕರ ಸಂಗತಿ. ಬ್ಯಾಂಕಿನವರು ಅಡಮಾನ ಕೇಳುವ ಜಾಗದಲ್ಲಿ ಗಾಯಕರು ಹಣ ಕೊಟ್ಟರು! ಕಂಪನಿ ಸ್ವತಃ ದೊಡ್ಡ ಕಾರ್ಖಾನೆ ಕಟ್ಟದೆ, ತಂತ್ರಜ್ಞಾನವನ್ನು ಬೆಳೆಸಿ ಫಿಲಿಪ್ಸ್, ಸೀಕೊ ಎಪ್ಸನ್ ಮುಂತಾದ ದೊಡ್ಡ ಸಂಸ್ಥೆಗಳೊಡನೆ ಪರವಾನಗಿ ಹಾಗೂ ಸಹಯೋಗದ ಒಪ್ಪಂದ ಮಾಡಿಕೊಂಡು ರಾಯಧನ ಪಡೆಯುವ ಮಾರ್ಗ ಹಿಡಿಯಿತು. 1999ರಲ್ಲಿ ನ್ಯೂಯಾರ್ಕಿನ ಖಾಸಗಿ ಬಂಡವಾಳ ಸಂಸ್ಥೆಗಳು ಕಂಪನಿಯನ್ನು ವಹಿಸಿಕೊಂಡವು. 2002ರಲ್ಲಿ ಫಿಲಿಪ್ಸ್ ಹೊರತಂದ ವಿದ್ಯುತ್ ಕ್ಷೌರಯಂತ್ರವೊಂದರ ಪುಟ್ಟ ಸೂಚನಾಫಲಕದಲ್ಲಿ ಪಾಲಿಮರ್ ಬೆಳಕು ಗ್ರಾಹಕರ ಕೈಸೇರಿತು. 2004ರಲ್ಲಿ ಎಪ್ಸನ್ ಸಂಸ್ಥೆಯು ಇಂಕ್‌ಜೆಟ್ ಮುದ್ರಣ ವಿಧಾನದಿಂದ ತಯಾರಿಸಿದ 40 ಅಂಗುಲದ ಪರದೆಯ ಮಾದರಿಯನ್ನು ಪ್ರದರ್ಶಿಸಿತು. ಶಾಯಿ ಮುದ್ರಿಸಿದಂತೆ ದೂರದರ್ಶನದ ಪರದೆಯನ್ನು ಮುದ್ರಿಸಬಹುದೆಂಬ ಮಾತು ಕಣ್ಣೆದುರು ನಿಂತಂತಾಯಿತು. ಅದೇ ವರ್ಷದ ಕೊನೆಯಲ್ಲಿ ಷೇರು ವಿತರಣೆ. ಅಲ್ಲಿಂದ ಮುಂದಿನದನ್ನು ಮೊದಲೇ ಹೇಳಿದ್ದೇನೆ.

ಹಾಗಾದರೆ ಎಡವಿದ್ದೆಲ್ಲಿ?

ಫ್ರೆಂಡ್ ಅವರ ತಂಡಕ್ಕಿಂತ ಎರಡು ವರ್ಷ ಮೊದಲು, 1987ರಲ್ಲಿ, ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು ಸಾವಯವ ಪದಾರ್ಥದಿಂದ ಬೆಳಕು ಪಡೆದಿದ್ದರು. ಅವರು ಬಳಸಿದ್ದು ಉದ್ದನೆಯ ಪಾಲಿಮರ್ ಸರಪಳಿಯನ್ನಲ್ಲ, ಚಿಕ್ಕ ಅಣುಗಳನ್ನು. ಚಿಕ್ಕ ಅಣುಗಳನ್ನು ನಿರ್ವಾತ ಕೋಣೆಯಲ್ಲಿ ಕಾಯಿಸಿ ಆವಿಯಾಗಿಸಿ ಗಾಜಿನ ಮೇಲೆ ಪದರವಾಗಿ ಕೂರಿಸಬೇಕು. ಇದು ದುಬಾರಿ, ನಿಧಾನ, ಬಹಳಷ್ಟು ಕಚ್ಚಾವಸ್ತು ಕೋಣೆಯ ಗೋಡೆಗೆ ಅಂಟಿ ಹಾಳಾಗುತ್ತದೆ. ಮುದ್ರಣದ ಮುಂದೆ ಇದು ನಿಲ್ಲದೆಂದೇ ಪಾಲಿಮರ್ ಪಕ್ಷದವರ ನಂಬಿಕೆಯಾಗಿತ್ತು. ಘಟಕವೆಚ್ಚದ ಕಾಗದದ ಮೇಲಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ.

ಆದರೆ ಆವಿಯ ವಿಧಾನಕ್ಕೆ ಒಂದು ಗುಣವಿತ್ತು. ಒಂದರ ಮೇಲೊಂದು ಎಷ್ಟು ಪದರಗಳನ್ನಾದರೂ ಕೂರಿಸಬಹುದು. ಪ್ರತಿ ಪದರಕ್ಕೂ ಒಂದು ಕೆಲಸ ಒಪ್ಪಿಸಬಹುದು. ದ್ರಾವಣದ ವಿಧಾನದಲ್ಲಿ ಎರಡನೆಯ ಪದರವನ್ನು ಬಳಿಯುವಾಗ ಅದರ ದ್ರಾವಕವು ಕೆಳಗಿನ ಪದರವನ್ನು ಕರಗಿಸುವ ಅಪಾಯವಿದೆ. ಚಿಕ್ಕ ಅಣುಗಳನ್ನು ಶುದ್ಧಗೊಳಿಸುವುದೂ ಸುಲಭ, ಹಾಗಾಗಿ ಬಾಳಿಕೆಯೂ ಹೆಚ್ಚು. ಪಾಲಿಮರುಗಳಲ್ಲಿ, ವಿಶೇಷವಾಗಿ ನೀಲಿ ಬಣ್ಣದಲ್ಲಿ, ಬೆಳಕು ಬೇಗನೆ ಮಂಕಾಗುವ ತೊಂದರೆ ಬಹಳ ಕಾಲ ಬಿಡಲಿಲ್ಲ. ಕ್ಷೌರಯಂತ್ರದ ಸೂಚನಾಫಲಕ ದಿನಕ್ಕೆ ಐದು ನಿಮಿಷ ಬೆಳಗಿದರೆ ಸಾಕು. ದೂರದರ್ಶನ ಹತ್ತು ವರ್ಷ ಬೆಳಗಬೇಕು.

ಎರಡನೆಯ ತೊಡಕು ಲೆಕ್ಕಿಗರಿಗೆ ಕೂಡಲೇ ಅರ್ಥವಾಗುವಂತಹದು. ಎಲೆಕ್ಟ್ರಾನು ಮತ್ತು ರಂಧ್ರ ಸಂಧಿಸಿದಾಗ ಉಂಟಾಗುವ ಜೋಡಿಗೆ ಎಕ್ಸಿಟಾನ್ ಎಂದು ಹೆಸರು. ಎಲೆಕ್ಟ್ರಾನಿನ ‘ಸ್ಪಿನ್’ ಎಂಬ ಗುಣದ ನಿಯಮದಿಂದಾಗಿ ಇಂತಹ ನಾಲ್ಕು ಜೋಡಿಗಳಲ್ಲಿ ಸರಾಸರಿ ಒಂದು ಮಾತ್ರ ಬೆಳಕು ಕೊಡುವ ಸ್ಥಿತಿಯಲ್ಲಿರುತ್ತದೆ. ಉಳಿದ ಮೂರು ಶಾಖವಾಗಿ ವ್ಯರ್ಥವಾಗುತ್ತವೆ. ನಾಲ್ಕು ರೂಪಾಯಿ ಹೂಡಿದರೆ ಮೂರು ರೂಪಾಯಿ ಹೊಸಿಲಲ್ಲೇ ಸೋರಿಹೋಗುವ ವ್ಯಾಪಾರ. ಅಮೆರಿಕದ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಮ್ಸನ್ ಅವರ ತಂಡ 1998ರಲ್ಲಿ ಪ್ಲಾಟಿನಂ, ಅನಂತರ ಇರಿಡಿಯಂನಂತಹ ಭಾರವಾದ ಲೋಹಗಳನ್ನೊಳಗೊಂಡ ಅಣುಗಳನ್ನು ಬೆರೆಸಿ, ಆ ಮೂರನ್ನೂ ಬೆಳಕಾಗಿಸುವ ಉಪಾಯವನ್ನು ತೋರಿಸಿತು. ಇದು ಚಿಕ್ಕ ಅಣುಗಳ ಪಾಳೆಯಕ್ಕೆ ದೊರೆತ ವರ. ಈ ಪೇಟೆಂಟುಗಳನ್ನು ಹಿಡಿದಿದ್ದ ಯೂನಿವರ್ಸಲ್ ಡಿಸ್‌ಪ್ಲೇ ಎಂಬ ಅಮೆರಿಕನ್ ಕಂಪನಿಯು ತಾನೂ ಹಲವು ವರ್ಷ ನಷ್ಟದಲ್ಲಿ ನಡೆದು, ಕೊರಿಯಾದ ತಯಾರಕರು ದೊಡ್ಡ ಪ್ರಮಾಣದಲ್ಲಿ ಪರದೆಗಳನ್ನು ಉತ್ಪಾದಿಸತೊಡಗಿದ ಮೇಲೆ ರಾಯಧನದಿಂದಲೂ ರಾಸಾಯನಿಕಗಳ ಮಾರಾಟದಿಂದಲೂ ಲಾಭ ಕಂಡಿತು. ವ್ಯಾಪಾರದ ಮಾದರಿ ಕೇಂಬ್ರಿಜ್ ಕಂಪನಿಯದಕ್ಕೆ ಹತ್ತಿರದ್ದೇ. ಕೈಯಲ್ಲಿದ್ದ ಪದಾರ್ಥ ಮಾತ್ರ ಬೇರೆ.

ಮೂರನೆಯದು ಬಂಡವಾಳ. ಸ್ಯಾಮ್‌ಸಂಗ್, ಎಲ್‌ಜಿ ಸಂಸ್ಥೆಗಳು ಆವಿಯ ವಿಧಾನದ ದುಬಾರಿತನವನ್ನು ಒಪ್ಪಿಕೊಂಡು ದೊಡ್ಡ ಮೊತ್ತಗಳನ್ನು ಹೂಡಿ, ವರ್ಷ ವರ್ಷಕ್ಕೆ ಕಳಪೆ ಮಾಲಿನ ಪ್ರಮಾಣವನ್ನು ತಗ್ಗಿಸುತ್ತ ಬಂದವು. 2010ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ದೂರವಾಣಿ, 2013ರಲ್ಲಿ ಎಲ್‌ಜಿಯ 55 ಅಂಗುಲದ ದೂರದರ್ಶನ, 2017ರಲ್ಲಿ ಆಪಲ್‌ನ ಐಫೋನ್ ಟೆನ್ ಬಂದವು. ಇವೆಲ್ಲ ಸಾವಯವ ಬೆಳಕಿನ ಪರದೆಗಳೇ. ಎಲ್ಲವೂ ಚಿಕ್ಕ ಅಣುಗಳವೇ. ಹಾಗೆಂದು ಮೊದಲು ಕಂಡುಹಿಡಿದ ಕೊಡಕ್ ಗೆದ್ದಿತೆಂದೂ ಹೇಳುವಂತಿಲ್ಲ. ಅದು 2009ರ ಕೊನೆಯಲ್ಲಿ ಈ ವಿಭಾಗವನ್ನು ಎಲ್‌ಜಿ ಸಮೂಹಕ್ಕೆ ಮಾರಿಬಿಟ್ಟು, 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೊಕ್ಕಿತು. ಮುದ್ರಣ ವಿಧಾನದಿಂದಲೇ ಸಾವಯವ ಪರದೆಗಳನ್ನು ತಯಾರಿಸಲು 2015ರಲ್ಲಿ ಆರಂಭವಾದ ಜಪಾನಿನ ಜೆಓಲೆಡ್ ಕಂಪನಿಯೂ 2023ರ ಮಾರ್ಚ್‌ನಲ್ಲಿ ಅದೇ ಮಾರ್ಗ ಹಿಡಿಯಬೇಕಾಯಿತು.

ಕೇಂಬ್ರಿಜ್‌ನ ಮೂಲ ಪೇಟೆಂಟಿನ ಅವಧಿಯು 2010ರ ಹೊತ್ತಿಗೆ ಮುಗಿಯಿತು. ಅಂದರೆ ಸಾವಯವ ಪರದೆಯ ದೂರವಾಣಿಗಳು ಲಕ್ಷ ಲಕ್ಷ ಸಂಖ್ಯೆಯಲ್ಲಿ ಮಾರಾಟವಾಗತೊಡಗಿದ ವರ್ಷವೇ ಪಾಲಿಮರ್ ಪೇಟೆಂಟಿನ ಆಯುಷ್ಯ ತೀರಿತು. ಪಾಲಿಮರ್ ಗೆದ್ದಿದ್ದರೂ ಮೂಲ ಪೇಟೆಂಟಿನಿಂದ ಬರುವ ರಾಯಧನಕ್ಕೆ ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ಇಪ್ಪತ್ತು ವರ್ಷದ ಪೇಟೆಂಟಿನಲ್ಲಿ ಪ್ರಯೋಗಾಲಯದಿಂದ ಅಂಗಡಿಗೆ ಬರಲು ಇಪ್ಪತ್ತು ವರ್ಷ ಹಿಡಿದರೆ ಸವಕಳಿಯ ಲೆಕ್ಕ ಬರೆಯುವುದಕ್ಕೂ ಏನೂ ಉಳಿಯುವುದಿಲ್ಲ. ಮೂಲಭೂತ ವಸ್ತುವಿಜ್ಞಾನದ ಮೇಲೆ ಹಣ ಹೂಡುವವರು ಈ ಗಡುವನ್ನು ಮೊದಲ ದಿನವೇ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಪ್ರಯತ್ನ, ಮೂರನೆಯ ಪ್ರಯತ್ನ

1995ರಲ್ಲಿ ಫ್ರೆಂಡ್ ಅವರು ಕ್ಯಾವೆಂಡಿಷ್ ಪ್ರಾಧ್ಯಾಪಕ ಪೀಠವನ್ನು ವಹಿಸಿಕೊಂಡರು. ಒಮ್ಮೆ ಮ್ಯಾಕ್ಸ್‌ವೆಲ್ ಅಲಂಕರಿಸಿದ್ದ ಆ ಪೀಠದಲ್ಲಿ 2020ರವರೆಗೂ ಅವರಿದ್ದರು. 2003ರಲ್ಲಿ ಬ್ರಿಟಿಷ್ ಸರ್ಕಾರದ ನೈಟ್ ಪದವಿ ಬಂದಿತು. 2010ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿಯ ಪುರಸ್ಕೃತರಲ್ಲಿ ಒಬ್ಬರಾದರು. ಇಂತಹ ಗೌರವಗಳ ನಡುವೆಯೂ ಅವರು ಕಂಪನಿ ಕಟ್ಟುವುದನ್ನು ನಿಲ್ಲಿಸಲಿಲ್ಲವೆಂಬುದು ನನಗೆ ಹೆಚ್ಚು ಮಹತ್ವದ್ದಾಗಿ ತೋರುತ್ತದೆ.

2000ದಲ್ಲಿ ಸಹೋದ್ಯೋಗಿ ಹೆನಿಂಗ್ ಸಿರಿಂಗ್‌ಹೌಸ್ ಮತ್ತು ಉದ್ಯಮಿ ಸ್ಟುವರ್ಟ್ ಇವಾನ್ಸ್ ಅವರೊಡಗೂಡಿ ‘ಪ್ಲಾಸ್ಟಿಕ್ ಲಾಜಿಕ್’ ಎಂಬ ಕಂಪನಿಯನ್ನು ಅವರು ಸ್ಥಾಪಿಸಿದರು. ಬಾಗಿದರೂ ಒಡೆಯದ ಪ್ಲಾಸ್ಟಿಕ್ ಟ್ರಾನ್ಸಿಸ್ಟರುಗಳಿಂದ ವಿದ್ಯುನ್ಮಾನ ಕಾಗದ ತಯಾರಿಸುವುದು ಇದರ ಗುರಿ. ಹಿಂದಿನ ಕಂಪನಿ ಪರವಾನಗಿಯ ಮಾರ್ಗ ಹಿಡಿದಿದ್ದರೆ, ಇದು ಕಾರ್ಖಾನೆಯನ್ನೇ ಕಟ್ಟಿತು. 2007ರ ಆರಂಭದಲ್ಲಿ 10 ಕೋಟಿ ಡಾಲರು ಸಂಗ್ರಹವಾಗಿ, ಜರ್ಮನಿಯ ಡ್ರೆಸ್‌ಡೆನ್ ನಗರದಲ್ಲಿ 2008ರಲ್ಲಿ ಕಾರ್ಖಾನೆ ಉದ್ಘಾಟನೆಗೊಂಡಿತು. 2010ರ ಜನವರಿಯಲ್ಲಿ ‘ಕ್ಯೂ’ ಎಂಬ ಹೆಸರಿನ ಓದುಯಂತ್ರವನ್ನು ಅಮೆರಿಕದ ವಸ್ತುಪ್ರದರ್ಶನದಲ್ಲಿ ತೋರಿಸಿ 649 ಡಾಲರಿನಿಂದ ಮೇಲ್ಪಟ್ಟ ಬೆಲೆ ನಿಗದಿಪಡಿಸಲಾಯಿತು. ಏಪ್ರಿಲ್‌ನಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ 499 ಡಾಲರಿನಿಂದ ಮಾರಾಟಕ್ಕೆ ಬಂತು. ಬಣ್ಣದ ಪರದೆ, ಸಂಗೀತ, ಚಲನಚಿತ್ರ ಎಲ್ಲವೂ ಅದರಲ್ಲಿದ್ದವು. ಆಗಸ್ಟ್ ಹೊತ್ತಿಗೆ ‘ಕ್ಯೂ’ ರದ್ದಾಯಿತು. 2011ರಲ್ಲಿ ರಷ್ಯಾ ಸರ್ಕಾರದ ರುಸ್ನಾನೊ ಸಂಸ್ಥೆಯ ಹಣದೊಡನೆ ಭಾರಿ ಯೋಜನೆಯೊಂದು ಘೋಷಣೆಯಾಯಿತಾದರೂ, 2012ರಲ್ಲಿ ಕಂಪನಿ ಸ್ವಂತ ಓದುಯಂತ್ರದ ಆಸೆಯನ್ನೇ ಬಿಟ್ಟಿತು. ಮುಂದೆ ಅದು ಎರಡು ಭಾಗವಾಗಿ, ಕೇಂಬ್ರಿಜ್‌ನ ತಂತ್ರಜ್ಞಾನ ವಿಭಾಗ ‘ಫ್ಲೆಕ್ಸ್‌ಎನೇಬಲ್’ ಎಂಬ ಹೊಸ ಹೆಸರು ಪಡೆಯಿತು.

ಇಲ್ಲಿ ಪಾಲಿಮರಿನ ಗುಣದೋಷಕ್ಕಿಂತ ಮಿಗಿಲಾಗಿ ಸರಕನ್ನು ಆರಿಸಿದ ರೀತಿಯೇ ಮುಳುವಾಯಿತೆಂದು ನನ್ನ ತೀರ್ಮಾನ. ಬಾಗುವ ಪರದೆಯ ತಂತ್ರಜ್ಞಾನವನ್ನು ಕೈಯಲ್ಲಿಟ್ಟುಕೊಂಡು, ಬಾಗುವ ಅಗತ್ಯವೇ ಇಲ್ಲದ ಚಪ್ಪಟೆ ಯಂತ್ರವನ್ನು ಮಾರಲು ಹೊರಟದ್ದು ವಿಚಿತ್ರ. ಗ್ರಾಹಕನು ಟ್ರಾನ್ಸಿಸ್ಟರು ಯಾವುದರದೆಂದು ಕೇಳುವುದಿಲ್ಲ.

2010ರಲ್ಲಿಯೇ ಪ್ಲಾಸ್ಟಿಕ್ ಸೌರಕೋಶಗಳಿಗಾಗಿ ‘ಏಟ್‌ನೈಂಟೀನ್’ ಎಂಬ ಕಂಪನಿ ಹುಟ್ಟಿತು. ಸೂರ್ಯನ ಬೆಳಕು ಭೂಮಿಯನ್ನು ತಲಪಲು ತಗಲುವ 8 ನಿಮಿಷ 19 ಸೆಕೆಂಡುಗಳಿಂದ ಈ ಹೆಸರು ಬಂದಿದೆ. ಎರಡು ಬಗೆಯ ಪಾಲಿಮರುಗಳನ್ನು ಬೆರೆಸಿ ಬೆಳಕನ್ನು ವಿದ್ಯುತ್ತಾಗಿಸಬಹುದೆಂದು ಫ್ರೆಂಡ್ ಅವರ ತಂಡ 1995ರಲ್ಲಿ ತೋರಿಸಿದ್ದುದೇ ಇದರ ಬೇರು. ಈ ಕಂಪನಿಯ ಒಂದು ಕವಲು ಅನಿರೀಕ್ಷಿತ ದಿಕ್ಕಿಗೆ ಚಾಚಿತು. ಆಫ್ರಿಕಾದ ಕೀನ್ಯಾದ ಹಳ್ಳಿಗಳ ಬಡವರು ಸೌರದೀಪದ ಪೂರ್ತಿ ಬೆಲೆಯನ್ನು ಒಮ್ಮೆಗೇ ಕೊಡಲಾರರು. ಸೀಮೆಎಣ್ಣೆಗೆ ಮಾತ್ರ ವಾರ ವಾರವೂ ಹಣ ತೆರುತ್ತಾರೆ. ಮೊಬೈಲಿಗೆ ಹಣ ತುಂಬುವಂತೆ ದೀಪಕ್ಕೂ ವಾರಕ್ಕೊಮ್ಮೆ ಹಣ ತುಂಬುವ ವ್ಯವಸ್ಥೆಯನ್ನು 2011ರಲ್ಲಿ ಅಲ್ಲಿ ಜಾರಿಗೆ ತಂದು, 2012ರಲ್ಲಿ ಅದನ್ನು ‘ಅಜೂರಿ’ ಎಂಬ ಪ್ರತ್ಯೇಕ ಕಂಪನಿಯಾಗಿಸಲಾಯಿತು. ಹೊಸ ಪದಾರ್ಥಕ್ಕಾಗಿ ಆರಂಭಿಸಿದ ಕಂಪನಿಯಿಂದ ಹೊಸ ವಸೂಲಾತಿ ಪದ್ಧತಿಯೊಂದು ಹೊರಬಿದ್ದಿತೆಂಬುದು ವರ್ತಕರಾದ ನಮಗೆ ಮೆಚ್ಚುಗೆಯಾಗಬೇಕಾದ ಸಂಗತಿ.

ಯಾವ ಖಾತೆಗೆ ಬರೆಯೋಣ?

ಈಗ ಜಮಾ-ಖರ್ಚಿನ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ 2003ರ ಏಪ್ರಿಲ್ 1ರಿಂದ ಜಾರಿಗೆ ಬಂದ 26ನೆಯ ಲೆಕ್ಕ ಮಾನದಂಡವಾಗಲಿ, ಆಮೇಲೆ ದೊಡ್ಡ ಕಂಪನಿಗಳಿಗೆ ಅನ್ವಯವಾದ 38ನೆಯ ಇಂಡ್ ಎಎಸ್ ಆಗಲಿ ಹೇಳುವುದು ಒಂದೇ ಮಾತು: ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭ ನಷ್ಟ ಖಾತೆಗೆ ಖರ್ಚು ಹಾಕಬೇಕು, ಅಭಿವೃದ್ಧಿ ಹಂತದ ವೆಚ್ಚವನ್ನು, ಕೆಲವು ಕಟ್ಟುನಿಟ್ಟಾದ ಷರತ್ತುಗಳು ಪೂರೈಸಿದರೆ, ಅಮೂರ್ತ ಆಸ್ತಿಯಾಗಿ ಅಢಾವೆ ಪತ್ರಿಕೆಯಲ್ಲಿ ತೋರಿಸಬಹುದು. ಎಚ್ಚರಿಕೆಯ ದೃಷ್ಟಿಯಿಂದ ಈ ನಿಯಮ ಸರಿಯಾದುದೇ. ಆದರೆ ಇದನ್ನು ಫ್ರೆಂಡ್ ಅವರ ಕಂಪನಿಗಳಿಗೆ ಅನ್ವಯಿಸಿ ನೋಡಿ. ವರ್ಷ ವರ್ಷವೂ ನಷ್ಟವೇ ಕಾಣುತ್ತದೆ. ಬರೋಸ್ ಆ ಕಂಪನಿಯಲ್ಲಿ ತಾಂತ್ರಿಕ ಮುಖ್ಯಸ್ಥರಾಗಿ ತಲೆಮಾರೊಂದನ್ನು ತರಬೇತುಗೊಳಿಸಿದ್ದು, ಬ್ರಾಡ್ಲಿ ಶೆಫೀಲ್ಡ್ ಹಾಗೂ ಲಂಡನ್ನಿನಲ್ಲಿ ಬೇರೆ ತಂಡಗಳನ್ನು ಕಟ್ಟಿದ್ದು, ಹೋಮ್ಸ್ ಆಸ್ಟ್ರೇಲಿಯಾಕ್ಕೆ ಮರಳಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದದ್ದು, ಫ್ರೆಂಡ್ ಅವರ ಬಳಿ ಡಾಕ್ಟರೇಟ್ ಪಡೆದ ಹೆನ್ರಿ ಸ್ನೈತ್ 2010ರಲ್ಲಿ ‘ಆಕ್ಸ್‌ಫರ್ಡ್ ಪಿವಿ’ ಎಂಬ ಸೌರಕೋಶ ಕಂಪನಿಯನ್ನು ಸ್ಥಾಪಿಸಿದ್ದು ಇವು ಯಾವುವೂ ಯಾವ ಅಢಾವೆ ಪತ್ರಿಕೆಯ ಯಾವ ಶೀರ್ಷಿಕೆಯ ಕೆಳಗೂ ಬರುವುದಿಲ್ಲ. ಸುಮಿಟೋಮೊ 28.5 ಕೋಟಿ ಡಾಲರು ತೆತ್ತದ್ದು ಮುಂದೆ ಬರುವ ರಾಯಧನದ ಜೊತೆಗೆ ಈ ಬಗೆಯ ಅರಿವಿಗೂ ಎಂದು ನಾನು ತಿಳಿಯುತ್ತೇನೆ.

ನನ್ನ ಕಕ್ಷಿದಾರರಾದ ಸಣ್ಣ ಉದ್ಯಮಿಗಳು ಸಂಶೋಧನೆಯ ಖರ್ಚಿನ ವಿಷಯ ಬಂದಾಗ ಮೊದಲು ಕೇಳುವುದು ತೆರಿಗೆ ರಿಯಾಯಿತಿಯನ್ನು. 1961ರ ಆದಾಯ ತೆರಿಗೆ ಕಾಯಿದೆಯ 35(2ಎಬಿ) ಪ್ರಕರಣದಡಿ ಅನುಮೋದಿತ ಸ್ವಂತ ಸಂಶೋಧನಾ ಘಟಕದ ವೆಚ್ಚಕ್ಕೆ 2010-11ರಿಂದ ಶೇಕಡಾ 200ರಷ್ಟು ಕಡಿತ ದೊರೆಯುತ್ತಿತ್ತು. 2017-18ರಿಂದ ಅದು 150ಕ್ಕೂ, 2020-21ರಿಂದ 100ಕ್ಕೂ ಇಳಿಯಿತು. ರಿಯಾಯಿತಿ ಇಳಿದೊಡನೆ ‘ಸಂಶೋಧನಾ ಘಟಕ’ದ ನಾಮಫಲಕವನ್ನು ಕೆಳಗಿಳಿಸಿದವರನ್ನು ನಾನು ಕಂಡಿದ್ದೇನೆ. ಅಂತಹ ಘಟಕದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಜಕ್ಕೂರಿನಲ್ಲಿ

ಈ ವಿಜ್ಞಾನ ನಮ್ಮಿಂದ ದೂರದ್ದೆಂದು ಭಾವಿಸಬೇಕಾಗಿಲ್ಲ. ಕೇಂಬ್ರಿಜ್‌ನಲ್ಲಿ ಆ ಹಸಿರು ಬೆಳಕು ಕಾಣಿಸಿಕೊಂಡ 1989ರಲ್ಲಿಯೇ ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಜಕ್ಕೂರಿನ ಆ ಕೇಂದ್ರದಲ್ಲಿ ಪ್ರೊ. ಕೆ. ಎಸ್. ನಾರಾಯಣ್ ಅವರ ತಂಡ ಪಾಲಿಮರ್ ಅರೆವಾಹಕಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಬೆಳಕಿಗೆ ಸ್ಪಂದಿಸುವ ಪಾಲಿಮರ್ ಟ್ರಾನ್ಸಿಸ್ಟರನ್ನು ಅವರು 2001ರಲ್ಲಿ ವರದಿ ಮಾಡಿದರು. 2014ರಲ್ಲಿ ಪ್ರಕಟವಾದ ಅವರ ಇನ್ನೊಂದು ಕೆಲಸ ಮನಮುಟ್ಟುವಂತಹದು: ಇನ್ನೂ ಬೆಳಕನ್ನು ಗ್ರಹಿಸಲಾರದ, ಕೋಳಿಯ ಭ್ರೂಣದ ಅಕ್ಷಿಪಟಲವನ್ನು ಪಾಲಿಮರ್ ಪದರವೊಂದರ ಮೇಲಿರಿಸಿ ಬೆಳಕು ಹಾಯಿಸಿದಾಗ, ಪಾಲಿಮರಿನಲ್ಲಿ ಹುಟ್ಟಿದ ಸಂಕೇತಕ್ಕೆ ಆ ಅಕ್ಷಿಪಟಲದ ನರಕೋಶಗಳು ಸ್ಪಂದಿಸಿದವು. ಪರದೆಗೆ ಒಗ್ಗದ ಪಾಲಿಮರ್ ದೇಹದ ಅಂಗಾಂಶಕ್ಕೆ ಒಗ್ಗಬಹುದೆಂಬುದಕ್ಕೆ ಕಾರಣ ಸರಳ: ಅದೂ ಇಂಗಾಲದ ಸರಪಳಿ, ಮೆದು, ನೀರಿನ ಸಹವಾಸದಲ್ಲಿ ಕೆಲಸ ಮಾಡಬಲ್ಲದು. ಬೆಂಗಳೂರಿನ ವೈದ್ಯಕೀಯ ಉಪಕರಣ ತಯಾರಕರಲ್ಲಿ ಎಷ್ಟು ಮಂದಿ ಜಕ್ಕೂರಿಗೆ ಒಮ್ಮೆಯಾದರೂ ಹೋಗಿ ಬಂದಿದ್ದಾರೆಂಬುದನ್ನು ನಮ್ಮ ಸಂಸ್ಥೆಯ ಸಂಬಂಧಪಟ್ಟ ಉಪಸಮಿತಿಯವರು ವಿಚಾರಿಸಿದರೆ ಒಳಿತು.

ಇನ್ನು ಫ್ರೆಂಡ್ ಅವರ ವಿಷಯ. ಇತ್ತೀಚಿನ ವರ್ಷಗಳಲ್ಲಿ ಅವರು ಎರಡು ಕಡೆ ಮನಸ್ಸು ಹರಿಸಿದ್ದಾರೆ. ಪೆರೋವ್‌ಸ್ಕೈಟ್ ಎಂಬ ವರ್ಗದ ಪದಾರ್ಥಗಳಿಂದ ಪ್ರಕಾಶಮಾನವಾದ ಬೆಳಕು ಪಡೆಯಬಹುದೆಂದು 2014ರಲ್ಲಿ ಅವರ ತಂಡ ತೋರಿಸಿತು. ಇವನ್ನೂ ದ್ರಾವಣದಿಂದಲೇ ಬಳಿಯಬಹುದು. ಎರಡನೆಯದು ಆ ಹಳೆಯ ನಾಲ್ಕರಲ್ಲಿ ಮೂರರ ನಷ್ಟದ ಲೆಕ್ಕ. 2018ರಲ್ಲಿ ಚೀನಾದ ಫೆಂಗ್ ಲಿ ಅವರ ತಂಡದೊಡನೆ ಕೂಡಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನನ್ನು ಹೊಂದಿರುವ ‘ರ‍್ಯಾಡಿಕಲ್’ ಅಣುಗಳನ್ನು ಅವರು ಬಳಸಿದರು. ಒಂಟಿಯಾದುದಕ್ಕೆ ನಾಲ್ಕು ಪಾಲುಗಳ ಆ ಹಂಚಿಕೆಯೇ ಇಲ್ಲ. ಸಾಧನದ ಒಳಗೆ ಕೂಡಿದ ಎಲೆಕ್ಟ್ರಾನು-ರಂಧ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಗಾಢ ಕೆಂಪು ಬೆಳಕಾಗಿ ಪರಿಣಮಿಸಿದವು. ಆಗ ಫ್ರೆಂಡ್ ಅವರಿಗೆ 65 ವರ್ಷ.